ಅಟ್ಟದ ಮ್ಯಾಲಿನ ಸೈಲೆನ್ಸರ್ ಕೆಳಗ ಇಳಿಸ್ರಿ

ಸಂಜೆ ಐದೂವರೆಯ ಹೊತ್ತು. ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿಲ್ಲ. ಬಜಾರ ಮುಗಿಸಿಕೊಂಡು ಬಂದ ಒಬ್ಬ ಮುದುಕಿ, ಕೈಯಲ್ಲಿ ಚೀಲ, ಕಂಕುಳಲ್ಲಿ ಗಂಟು, ಕಂಡಕ್ಟರನ ಮುಂದೆ ನಿಂತು, "ಯಪ್ಪಾ, ಮೂಡಲಗಿ ಬಸ್ಸು ಯಾವ್ದೋ?" ಎಂದು ಕೇಳಿದಳು. ಕಂಡಕ್ಟರ ಹೇಳಿದ. ಹೇಳಿದ್ದು ಅವಳಿಗೆ ಕೇಳಿಸಲಿಲ್ಲ. ಏಕೆಂದರೆ ಅದೇ ಗಳಿಗೆಯಲ್ಲಿ ಹೊರಗಿನ ರಸ್ತೆಯಲ್ಲಿ ಒಂದು ಗಾಡಿ "ಢಬ್ ಢಬ್ ಢಮಾರ್" ಎಂದು ಹಾದು ಹೋಯಿತು. ಮುದುಕಿ ಬೆಚ್ಚಿ ಕಿವಿ ಮುಚ್ಚಿಕೊಂಡಳು. ಕಿವಿ ಬಿಡುವಷ್ಟರಲ್ಲಿ ಕಂಡಕ್ಟರ ಡಬಲ್ ಬೆಲ್ ಹೊಡೆದಿದ್ದ, ಮೂಡಲಗಿ ಬಸ್ಸು ಗೇಟು ದಾಟಿತ್ತು. ಮುದುಕಿ ಚೀಲದ ಮೇಲೆ ಕೂತಳು, ಮುಂದಿನ ಬಸ್ಸಿನ ದಾರಿ ಕಾಯುತ್ತ.

ವಾಚಕರೆ, ಇದು ಸುದ್ದಿಯಲ್ಲ. ಯಾರೂ ಸತ್ತಿಲ್ಲ, ಯಾರ ಕಾಲೂ ಮುರಿದಿಲ್ಲ, ಪೋಲೀಸ ಠಾಣೆಯಲ್ಲಿ ಕೇಸೂ ಇಲ್ಲ. ಒಬ್ಬ ಮುದುಕಿಗೆ ಒಂದು ಬಸ್ಸು ತಪ್ಪಿತು, ಅಷ್ಟೆ. ಆದರೆ ಇಂಥ ಸಣ್ಣ ತೊಂದರೆಗಳನ್ನು ದಿನಕ್ಕೆ ಎಷ್ಟು ಅಂತ ಲೆಕ್ಕ ಹಾಕೋದು? ಅದಕ್ಕೇ ಇವತ್ತಿನ ಮಾತು ಈ ಸಪ್ಪಳದ ಮೇಲೆ.

ಬಜಾರದವರ ಪಾಡು

ಅಂಗಡಿಕಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಿರಾಕಿ "ಅರ್ಧ ಕಿಲೋ" ಅಂದದ್ದು "ಎರಡು ಕಿಲೋ" ಎಂದು ಕೇಳಿಸುತ್ತದೆ. ಗಿರಾಕಿ ಫೋನಿನಿಂದ ರೊಕ್ಕ ಹಾಕಿರುತ್ತಾನೆ, ಗಲ್ಲೆಯ ಮೇಲಿನ ಡಬ್ಬಿ "ಇಷ್ಟು ರೂಪಾಯಿ ಬಂತು" ಎಂದು ಕೂಗಿರುತ್ತದೆ, ಆದರೆ ಹೊರಗಿನ ಸಪ್ಪಳದಲ್ಲಿ ಅದು ಕೇಳಿಸಿರುವುದಿಲ್ಲ. "ರೊಕ್ಕ ಬಂದಿಲ್ರೀ" ಅಂದರೆ ಗಿರಾಕಿಗೆ ಸಿಟ್ಟು, "ಬಂದಿರಬೇಕು ಹೋಗ್ರಿ" ಅಂದರೆ ನಮಗೆ ಲುಕ್ಸಾನು. ಮಧ್ಯಾಹ್ನ ಅಂಗಡಿಯಲ್ಲೇ ಒಂದು ಗಳಿಗೆ ಕಣ್ಣು ಮುಚ್ಚಿದವನು ಢಮಾರ್ ಎಂದ ಕೂಡಲೇ ಟ್ರಾನ್ಸ್‌ಫಾರ್ಮರ್ ಸುಟ್ಟಿತೇನೋ ಎಂದು ಎದ್ದು ಓಡುತ್ತಾನೆ.

ಗೋಕಾಕದ ಬಜಾರಿನ ಓಣಿ ಇರಲಿ, ಹುಕ್ಕೇರಿಯ ಪೇಟೆ ಇರಲಿ, ಮೂಡಲಗಿಯ ಮುಖ್ಯ ರಸ್ತೆ ಇರಲಿ, ಕಥೆ ಒಂದೇ. ಸಂಕೇಶ್ವರದಿಂದ ಹುಕ್ಕೇರಿ, ಘಟಪ್ರಭಾ ಮಾರ್ಗವಾಗಿ ಗೋಕಾಕಕ್ಕೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬಂದವರನ್ನು ಕೇಳಿ ನೋಡಿರಿ. ಬಸ್ಸಿನ ಬಾಜೂಕ್ಕೆ ಬಂದು, ಡ್ರೈವರನಿಗೆ ಸವಾಲು ಹಾಕಿದಂತೆ ಸಪ್ಪಳ ಮಾಡಿ, ಮುಂದೆ ಹೋಗಿ, ಮತ್ತೆ ನಿಧಾನ ಮಾಡುವ ಹುಡುಗರು ಪ್ರತಿ ಟ್ರಿಪ್ಪಿಗೂ ಸಿಗುತ್ತಾರೆ. ತಾಯಂದಿರ ಮಡಿಲಲ್ಲಿ ಮಲಗಿದ ಕೂಸು ಎದ್ದು ಅಳುತ್ತದೆ. ಕಾಲೇಜಿನ ಹೆಣ್ಣುಮಕ್ಕಳು ತಲೆ ತಗ್ಗಿಸಿ ಕೂಡುತ್ತಾರೆ. ಆ ಸಪ್ಪಳ ಯಾರಿಗೆ ಕೇಳಿಸಲಿ ಎಂದು ಮಾಡಿದ್ದು ಎಂಬುದು ಅವರಿಗೂ ಗೊತ್ತು.

ಮಳೆಗಾಲದಲ್ಲಿ ಗೋಕಾಕ ಫಾಲ್ಸಿಗೆ ಹೋಗಿ ನೋಡಿರಿ. ಸುಮಾರು 52 ಮೀಟರ್ ಎತ್ತರದಿಂದ ಘಟಪ್ರಭೆ ಧುಮುಕುವ ಸಪ್ಪಳ ಕೇಳಲೆಂದು ಎಲ್ಲಿಂದೆಲ್ಲಿಂದಲೋ ಜನ ಬರುತ್ತಾರೆ. ಅಲ್ಲಿ ದೇವರು ಕೊಟ್ಟ ಸಪ್ಪಳಕ್ಕಿಂತ ಅಂಗಡಿಯಿಂದ ಕೊಂಡು ತಂದ ಸಪ್ಪಳವೇ ಜಾಸ್ತಿ!

ಸೈಲೆನ್ಸರ್ ಎಂಬುದು ಏನು ಮಾಡುತ್ತದೆ?

ಹೆಸರಿನಲ್ಲೇ ಇದೆಯಲ್ಲ. ಸಪ್ಪಳ ತಣಿಸುವ ಸಾಮಾನು. ಇಂಜಿನ್ನಿನೊಳಗೆ ಪೆಟ್ರೋಲು ಹೊತ್ತಿ ಪ್ರತಿ ಸಲ ಒಂದು ಸಣ್ಣ ಸ್ಫೋಟ ಆಗುತ್ತದೆ. ಒಂದೇ ಸಿಲಿಂಡರಿನ ಫೋರ್ ಸ್ಟ್ರೋಕ್ ಗಾಡಿ ನಿಮಿಷಕ್ಕೆ 5000 ಸುತ್ತು ತಿರುಗಿದರೆ, ಆ ಒಂದು ನಿಮಿಷದಲ್ಲಿ 2500 ಸ್ಫೋಟಗಳು. ಆ ಬಿಸಿ ಹೊಗೆ ಜೋರಿನಿಂದ ನೇರ ಹೊರಗೆ ಬಂದರೆ ನಮ್ಮ ಕಿವಿಯ ಗತಿ ಏನಾದೀತು? ಅದಕ್ಕೇ ಕಂಪನಿಯವರು ಕೊಳವೆಯೊಳಗೆ ಖೋಲಿಗಳನ್ನು, ತೂತಿನ ತಗಡುಗಳನ್ನು ಕೂಡಿಸಿ, ಹೊಗೆಯನ್ನು ಅಲ್ಲಿ ಇಲ್ಲಿ ತಿರುಗಾಡಿಸಿ, ಅದರ ಆವೇಶ ಇಳಿಸಿ ಹೊರಗೆ ಬಿಡುತ್ತಾರೆ. ಒಳಗಿನ ತಗಡು ಕಿತ್ತು ಹಾಕಿದರೆ ಅಥವಾ ಬರೀ ಖಾಲಿ ಕೊಳವೆ ಕೂಡಿಸಿದರೆ ಆ ಸ್ಫೋಟವೆಲ್ಲ ನೇರ ಬಜಾರಿಗೆ ಬರುತ್ತದೆ.

ಅಂಗಡಿಯಲ್ಲಿ ಇವಕ್ಕೆ ಹೆಸರುಗಳೂ ಉಂಟು. ಇಂದೋರಿ, ಪಂಜಾಬಿ, ಶಾರ್ಟ್ ಬಾಟಲ್, ಇನ್ನೂ ಏನೇನೋ. ಹುಡುಗರಿಗೆ ಬಾಯಿಪಾಠ. ಇನ್ನು "ಪಟಾಕಿ ಹೊಡೆಯೋದು" ಎಂಬ ಕಲೆ ಬೇರೆ. ಓಡುವ ಗಾಡಿಯ ಚಾವಿ ಬಂದ್ ಮಾಡಿ ಮತ್ತೆ ಚಾಲೂ ಮಾಡಿದರೆ, ಉರಿಯದೆ ಉಳಿದ ಪೆಟ್ರೋಲು ಕಾದ ಕೊಳವೆಗೆ ಹೋಗಿ ಅಲ್ಲಿ ಢಮಾರ್ ಎನ್ನುತ್ತದೆ. ದುಬಾರಿ ಪೆಟ್ರೋಲು, ಅಪ್ಪನ ರೊಕ್ಕ, ಸುಡುವುದು ರಸ್ತೆ ಮೇಲೆ.

"ಸೈಲೆನ್ಸರ್ ಚೇಂಜ್ ಮಾಡಿದ್ರ ಪಿಕಪ್ ಬರ್ತೈತ್ರಿ, ಮೈಲೇಜೂ ಬರ್ತೈತ್ರಿ" ಎಂದು ಹುಡುಗರು ವಾದ ಹೂಡುತ್ತಾರೆ. ಸ್ವಾಮಿ, ಕಂಪನಿಯವರು ಇಂಜಿನ್ನು, ಪೆಟ್ರೋಲು, ಹೊಗೆ ಕೊಳವೆ ಮೂರನ್ನೂ ಒಂದಕ್ಕೊಂದು ಹೊಂದಿಸಿ ಗಾಡಿ ಕಟ್ಟಿರುತ್ತಾರೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಗಾಡಿಗಳ ಹೊಗೆ ಕೊಳವೆಯಲ್ಲಿ ಆಕ್ಸಿಜನ್ ಸೆನ್ಸರ್ ಇದೆ, ವಿಷದ ಹೊಗೆ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಅದನ್ನು ಕಿತ್ತರೆ ಸಪ್ಪಳದ ಜೊತೆಗೆ ಕೆಟ್ಟ ಹೊಗೆಯೂ ಬಜಾರಿಗೇ. ಸಪ್ಪಳ ಜೋರಾದರೆ ಗಾಡಿ ಜೋರಾಗಿ ಓಡಿದಂತೆ ಅನಿಸುತ್ತದೆ, ನಿಜ. ಖಾಲಿ ಡಬ್ಬಿಯೂ ಜೋರೇ ಸಪ್ಪಳ ಮಾಡುತ್ತದೆ.

ಕಾಯದೆ ಇಲ್ಲವೆ?

ಇದೆ. ಒಂದಲ್ಲ, ಮೂರ್ನಾಲ್ಕಿವೆ. ಬಿಡಿಸಿ ಹೇಳುತ್ತೇನೆ, ಕತ್ತರಿಸಿ ಅಂಗಡಿಯ ಗೋಡೆಗೆ ಹಚ್ಚಿಕೊಳ್ಳಿರಿ.

ಕೇಂದ್ರ ಮೋಟಾರು ವಾಹನ ನಿಯಮಗಳು, 1989. ಇದರ 120ನೇ ನಿಯಮದ ಪ್ರಕಾರ ಪ್ರತಿ ಮೋಟಾರು ಗಾಡಿಗೂ, ಟ್ರ್ಯಾಕ್ಟರಿಗೂ ಕೂಡ, ಸಪ್ಪಳ ತಣಿಸುವ ಸೈಲೆನ್ಸರ್ ಇರಲೇಬೇಕು. 2005ರ ಏಪ್ರಿಲ್ 1ರಿಂದ ಹೊಸ ಮೋಟಾರ ಸೈಕಲ್ಲಿಗೆ ಸಪ್ಪಳದ ಮಿತಿಯನ್ನೂ ಗೊತ್ತು ಮಾಡಿದ್ದಾರೆ. 80 ಸಿಸಿ ವರೆಗೆ 75 ಡೆಸಿಬೆಲ್, ಅಲ್ಲಿಂದ 175 ಸಿಸಿ ವರೆಗೆ 77, ಅದರ ಮೇಲಿನದಕ್ಕೆ 80. ಅಂದರೆ 350ರ ಬುಲೆಟ್ಟಿಗೂ 80 ದಾಟಲು ಪರವಾನಗಿ ಇಲ್ಲ. "ಬುಲೆಟ್ ಅಂದ್ರ ಸಪ್ಪಳ ಇರಬೇಕ್ರೀ" ಎನ್ನುವವರು ಇದನ್ನು ಗಮನಿಸಬೇಕು. ಕಂಪನಿಯಿಂದ ಬಂದ ಬುಲೆಟ್ಟಿಗೆ ಅದರದೇ ಗಂಭೀರ ದನಿ ಇದೆ, ಅದಕ್ಕೆ ಯಾರ ತಕರಾರೂ ಇಲ್ಲ. ಹಿಂದೆ ಮೈಸೂರಿನ ಐಡಿಯಲ್ ಜಾವಾ ಕಾರಖಾನೆಯಿಂದ ಬಂದ ಯೆಜ್ಡಿಗೂ ತನ್ನದೇ ದನಿ ಇತ್ತು. ಯಾರ ಗಾಡಿ ಬಂತು ಎಂದು ದನಿಯಿಂದಲೇ ಗುರುತಿಸುತ್ತಿದ್ದೆವು. ಆದರೆ ಆ ದನಿಗೆ ಯಾರೂ ಬೆಚ್ಚಿ ಬೀಳುತ್ತಿರಲಿಲ್ಲ.

ಈ ಡೆಸಿಬೆಲ್ ಲೆಕ್ಕ ನಮ್ಮ ಕಿಲೋ-ಲೀಟರಿನ ಲೆಕ್ಕದಂತಲ್ಲ. 10 ಡೆಸಿಬೆಲ್ ಹೆಚ್ಚಾದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರು. 80 ಇದ್ದದ್ದು 100 ಆದರೆ ನಾಲ್ಕು ಪಟ್ಟು. ಇನ್ನೊಂದು ಮಾತು. ಕಂಪನಿಯವರು ಅಳೆಯುವುದು ಏಳೂವರೆ ಮೀಟರ್ ದೂರದಿಂದ, ಬಯಲಿನಲ್ಲಿ. ನಮ್ಮ ಬಜಾರಿನ ಓಣಿಯಲ್ಲಿ ಗಾಡಿಗೂ ಅಂಗಡಿಯ ಗಲ್ಲೆಗೂ ನಡುವೆ ಎರಡು ಮೀಟರ್ ಇದ್ದರೆ ಪುಣ್ಯ. ಮೇಲೆ ಎರಡೂ ಕಡೆ ಗೋಡೆ, ಬಡಿದು ವಾಪಸ್ಸು ಬರಲು. ಅಮೇರಿಕದ ಆರೋಗ್ಯ ತಜ್ಞರ ಲೆಕ್ಕದಲ್ಲಿ ಕೆಲಸಗಾರನ ಕಿವಿಗೆ 85 ಡೆಸಿಬೆಲ್ ಎಂಟು ತಾಸು ತಡೆಯಬಹುದು. 100 ಆದರೆ ಬರೀ 15 ನಿಮಿಷ. ಆ ಗಾಡಿಯ ಮೇಲೆ ಕೂತವನ ಕಿವಿ ಯಾರದು? ನಮ್ಮ ಹುಡುಗನದೇ.

ಇನ್ನು ಶಿಕ್ಷೆ. ಮೋಟಾರು ವಾಹನ ಕಾಯದೆ 1988ರ ಕಲಂ 190(2). 2019ರ ತಿದ್ದುಪಡಿಯ ನಂತರ ಸಪ್ಪಳದ ಮಿತಿ ಮೀರಿದ ಗಾಡಿಗೆ ಮೊದಲ ಸಲ ಮೂರು ತಿಂಗಳ ವರೆಗೆ ಜೈಲು ಅಥವಾ 10,000 ರೂಪಾಯಿ ವರೆಗೆ ದಂಡ ಅಥವಾ ಎರಡೂ. ಮೇಲೆ ಮೂರು ತಿಂಗಳು ಲೈಸನ್ಸ್ ಇಲ್ಲ. ಎರಡನೇ ಸಲ ಸಿಕ್ಕರೆ ಜೈಲು ಆರು ತಿಂಗಳ ವರೆಗೆ. ಕಲಂ 52ರ ಪ್ರಕಾರ ಕಂಪನಿ ಕೊಟ್ಟ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. ಬದಲಿಸಿದರೆ ಕಲಂ 182ಎ(4), ಒಂದೊಂದು ಬದಲಾವಣೆಗೂ ಮಾಲಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳ ವರೆಗೆ ಜೈಲು ಅಥವಾ ಎರಡೂ. ಸ್ಥಳದಲ್ಲೇ ಕಟ್ಟಿಸಿಕೊಳ್ಳುವ ದಂಡದ ಮೊತ್ತವನ್ನು ರಾಜ್ಯ ಸರಕಾರ ಗೊತ್ತು ಮಾಡುತ್ತದೆ, ಆ ಮಾತು ಬೇರೆ.

ಶಬ್ದ ಮಾಲಿನ್ಯ ನಿಯಮಗಳು, 2000. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್. ಪೇಟೆಯಲ್ಲಿ ಹಗಲು 65, ರಾತ್ರಿ 55. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ ನೂರು ಮೀಟರ್ ವರೆಗೆ ನಿಶ್ಶಬ್ದ ವಲಯ ಮಾಡಬಹುದು. ಅಲ್ಲಿ ಹಗಲು 50, ರಾತ್ರಿ 40. ಘಟಪ್ರಭಾದಂಥ ಆಸ್ಪತ್ರೆಗಳ ಊರಿನಲ್ಲಿ ಈ ಮಾತಿಗೆ ಎಷ್ಟು ಬೆಲೆ ಇದೆ ಎಂದು ರೋಗಿಗಳ ಸಂಬಂಧಿಕರನ್ನು ಕೇಳಬೇಕು. 2005ರ ಜುಲೈ 18ರಂದು ಸುಪ್ರೀಂ ಕೋರ್ಟು ಕೂಡ ಸ್ಪಷ್ಟವಾಗಿ ಹೇಳಿದೆ: ನೆಮ್ಮದಿಯಿಂದ ಬದುಕುವುದು ಸಂವಿಧಾನದ 21ನೇ ವಿಧಿಯ ಹಕ್ಕು, ಬ್ಯಾಡ ಅಂದವನ ಕಿವಿಯೊಳಗೆ ಸಪ್ಪಳ ತುರುಕುವ ಹಕ್ಕು ಯಾರಿಗೂ ಇಲ್ಲ.

ಕಾಯದೆಗೆ ಬಡತನ ಇಲ್ಲ. ಬಡತನ ಇರುವುದು ಬೇರೆ ಕಡೆ.

ಮೀಟರ್ ಬ್ಯಾಡ, ಕಣ್ಣು ಸಾಕು

"ಸಪ್ಪಳ ಅಳ್ಯಾಕ ನಮ್ಮ ಹತ್ರ ಮೀಟರ್ ಇಲ್ರೀ" ಎಂಬ ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ. ಮೀಟರ್ ಇದ್ದರೆ ಒಳ್ಳೆಯದೇ. ಆದರೆ ಸೈಲೆನ್ಸರ್ ಬದಲಾಗಿದೆಯೋ ಇಲ್ಲವೋ ಎಂದು ನೋಡಲು ಮೀಟರ್ ಯಾತಕ್ಕೆ? ಕಂಪನಿಯ ಕೊಳವೆ ಹೇಗಿರುತ್ತದೆ ಎಂದು ಗ್ಯಾರೇಜಿನಲ್ಲಿ ಪಾನಾ ಹಿಡಿಯುವ ಹುಡುಗನಿಗೂ ಗೊತ್ತು. ಕಲಂ 182ಎ ಕೇಳುವುದು "ಎಷ್ಟು ಡೆಸಿಬೆಲ್" ಎಂದಲ್ಲ, "ಗಾಡಿ ಬದಲಿಸಿದ್ದೀಯಾ" ಎಂದು. ನೋಡುವ ಮನಸ್ಸಿದ್ದರೆ ಎರಡು ಕಣ್ಣು ಸಾಕು.

ಇನ್ನೊಂದು ವಿಚಾರ. ಹಿಡಿದು ದಂಡ ಕಟ್ಟಿಸಿಕೊಂಡು ಗಾಡಿಯನ್ನು ಅದೇ ಸೈಲೆನ್ಸರ್ ಸಮೇತ ಬಿಟ್ಟರೆ ಏನಾಯಿತು? ಹುಡುಗ ರಸೀದಿ ಕಿಸೆಯಲ್ಲಿಟ್ಟುಕೊಂಡು ಅದೇ ಢಮಾರ್ ಎನ್ನುತ್ತ ಹೋದ. ಸರಕಾರಕ್ಕೆ ರೊಕ್ಕ ಬಂತು, ಊರಿಗೆ ನೆಮ್ಮದಿ ಬರಲಿಲ್ಲ. ಬೆಂಗಳೂರು, ಮುಂಬೈ, ವಿಶಾಖಪಟ್ಟಣದಂಥ ಶಹರಗಳಲ್ಲಿ ಪೋಲೀಸರು ಇಂಥ ಸೈಲೆನ್ಸರುಗಳನ್ನು ಬಿಚ್ಚಿಸಿ, ಸಾಲಾಗಿ ಮಲಗಿಸಿ, ಮೇಲೆ ರೋಡ್ ರೋಲರ್ ಹಾಯಿಸಿದ್ದನ್ನು ನೀವು ನಾವು ನೋಡಿದ್ದೇವೆ. ನಮ್ಮಲ್ಲಿ ರೋಲರಿನ ತಮಾಷೆ ಬೇಡವೇ ಬೇಡ. ಒಂದೇ ಶರತ್ತು ಸಾಕು: ಕಂಪನಿ ಸೈಲೆನ್ಸರ್ ತಂದು ಠಾಣೆಯ ಮುಂದೆಯೇ ಕೂಡಿಸು, ಆಮೇಲೆ ಗಾಡಿ ಒಯ್ಯಿ.

ಆ ಶರತ್ತು ಎಲ್ಲರಿಗೂ ಒಂದೇ ಇರಬೇಕು. ಕೂಲಿಯವನ ಮಗನ ಗಾಡಿ ಠಾಣೆಯಲ್ಲಿ ತುಕ್ಕು ಹಿಡಿಯುವುದು, ಪುಢಾರಿಯ ಕಡೆಯವನ ಗಾಡಿ ಒಂದು ಫೋನಿಗೆ ಹೊರಗೆ ಬರುವುದು, ಹೀಗಾದರೆ ಹುಡುಗರು ಕಲಿಯುವ ಪಾಠ ಒಂದೇ: ಸಪ್ಪಳ ಮಾಡುವುದು ತಪ್ಪಲ್ಲ, ಫೋನ್ ಮಾಡಿಸಲು ಯಾರೂ ಇಲ್ಲದಿರುವುದು ತಪ್ಪು.

ನನ್ನ ಮನೆಯ ಮಾತು

ಇಷ್ಟೆಲ್ಲ ಬರೆಯುವವನ ಮನೆ ಹೇಗಿದೆ ಎಂದು ನೀವು ಕೇಳಬಹುದು. ಕೇಳುವ ಮೊದಲೇ ಹೇಳುತ್ತೇನೆ.

ನನ್ನ ತಮ್ಮನ ಮಗ ಕಾಲೇಜಿಗೆ ಹೋಗುತ್ತಾನೆ. ಹೋದ ವರ್ಷ ದಸರೆಗೆ, "ದೊಡ್ಡಪ್ಪ, ಗಾಡಿಗೆ ಒಂದು ಸಾಮಾನು ಹಾಕಸಬೇಕು" ಎಂದು ನನ್ನ ಹತ್ತಿರ ರೊಕ್ಕ ಕೇಳಿದ. ಏನು ಸಾಮಾನು ಎಂದು ನಾನು ಕೇಳಲಿಲ್ಲ, ಕೊಟ್ಟೆ. ಮರುದಿನವೇ ಓಣಿಗೆಲ್ಲ ಗೊತ್ತಾಯಿತು ಏನು ಸಾಮಾನು ಎಂದು. ಕಂಪನಿಯ ಸೈಲೆನ್ಸರನ್ನು ಗೋಣಿಚೀಲದಲ್ಲಿ ಸುತ್ತಿ ಮನೆಯ ಅಟ್ಟಕ್ಕೆ ಹಾಕಿದ.

ನಾನು ಬೈಯಬೇಕೆಂದು ಹೊರಟೆ. ನಮ್ಮ ಅವ್ವ ಅಡ್ಡ ಬಂದಳು. "ಇರ್ಲಿ ಬಿಡೋ, ಚೌಕಿನ್ಯಾಗ ಬಂದಾಗನ ಗೊತ್ತಾಕ್ಕೈತಿ, ಕೂಸು ಮನಿಗೆ ಬಂತು ಅಂತ. ನನಗ ನಿದ್ದಿ ಹತ್ತತೈತಿ" ಅಂದಳು. ಮೊಮ್ಮಗ ಮನೆ ಸೇರುವ ತನಕ ಕಣ್ಣು ಮುಚ್ಚದ ಜೀವ ಅದು. ನಾನೂ ಸುಮ್ಮನಾದೆ. ಆಮೇಲೆ ಆ ಸಪ್ಪಳ ನನಗೂ ಸಪ್ಪಳ ಅನಿಸಲಿಲ್ಲ. ಬೇರೆಯವರ ಗಾಡಿಗೆ ಶಾಪ ಹಾಕುತ್ತಿದ್ದೆ, ನಮ್ಮ ಗಾಡಿ ಬಂದರೆ "ಬಂದಾ ನೋಡ್ರಿ" ಎನ್ನುತ್ತಿದ್ದೆ. ನಮ್ಮ ಮನೆಯ ಸಪ್ಪಳ ನಮಗೆ ಕೇಳಿಸುವುದಿಲ್ಲ, ವಾಚಕರೆ. ಊರಿನ ಅರ್ಧ ರೋಗ ಇಲ್ಲೇ ಇದೆ.

ನಮ್ಮ ಎದುರು ಮನೆಯವರ ಮಗಳು ಬಾಣಂತನಕ್ಕೆ ಬಂದಿದ್ದಳು. ಹಸುಗೂಸು. ರಾತ್ರಿ ಹತ್ತೂವರೆ, ಹನ್ನೊಂದಕ್ಕೆ ನಮ್ಮ ಹುಡುಗ ಬಂದಾಗೆಲ್ಲ ಆ ಕೂಸು ಬೆಚ್ಚಿ ಎದ್ದು, ಮತ್ತೆ ತಾಸುಗಟ್ಟಲೆ ಅಳುತ್ತಿತ್ತಂತೆ. ಬಾಣಂತಿಗೆ ನಿದ್ದೆಯಿಲ್ಲ. ಎದುರು ಮನೆಯಾತ ನನಗೆ ಒಂದು ಮಾತೂ ಹೇಳಲಿಲ್ಲ. ನನ್ನ ಅಂಗಡಿಯಲ್ಲಿ ಅವನ ಉದ್ರಿ ಇದೆ. ಉದ್ರಿ ಇದ್ದವನು ಅಂಗಡಿಕಾರನ ಮನೆಯ ಹುಡುಗನ ಮೇಲೆ ತಕರಾರು ಹೇಳುವುದು ಹೇಗೆ? ಒಂದು ತಿಂಗಳಾದ ಮೇಲೆ ಚಹಾದಂಗಡಿಯಲ್ಲಿ ಮೂರನೆಯವರ ಬಾಯಿಂದ ನನಗೆ ತಿಳಿಯಿತು. ಕುಡಿಯುತ್ತಿದ್ದ ಚಹಾ ಅಲ್ಲೇ ಇಟ್ಟು ಎದ್ದು ಬಂದೆ.

ಆ ರಾತ್ರಿ ಹುಡುಗನನ್ನು ಬೈಯಲಿಲ್ಲ. ಬೈಯಲು ನನಗೇನು ಹಕ್ಕಿತ್ತು? ರೊಕ್ಕ ಕೊಟ್ಟವನು ನಾನು. ಎದುರು ಮನೆಯ ಕೂಸಿನ ಮಾತು ಹೇಳಿದೆ, ಅಷ್ಟೆ. ಅವ ಸ್ವಲ್ಪ ಹೊತ್ತು ಸುಮ್ಮನಿದ್ದ. "ಅವರು ನನಗರ ಹೇಳಬೇಕಿಲ್ಲೋ ದೊಡ್ಡಪ್ಪ" ಅಂದ. ಮರುದಿನ ಬೆಳಿಗ್ಗೆ ನಾವಿಬ್ಬರೂ ಏಣಿ ಹಚ್ಚಿ ಅಟ್ಟದ ಮೇಲಿನ ಗೋಣಿಚೀಲ ಇಳಿಸಿದೆವು. ಗ್ಯಾರೇಜಿನವನು ಮುಕ್ಕಾಲು ತಾಸಿನಲ್ಲಿ ಕೂಡಿಸಿಕೊಟ್ಟ. ಈಗ ಅವ್ವನಿಗೆ ಹುಡುಗ ಬಂದದ್ದು ಗೊತ್ತಾಗುವುದಿಲ್ಲ. ಅದಕ್ಕೆ ಅವ ಒಳಗೆ ಬಂದು, "ಆಯಿ, ಬಂದೇನಿ, ಮಲಕ್ಕೋ" ಎಂದು ಹೇಳಿ ಮಲಗುತ್ತಾನೆ. ಮೊದಲು ಗಾಡಿ ಹೇಳುತ್ತಿತ್ತು, ಈಗ ಹುಡುಗ ಹೇಳುತ್ತಾನೆ.

ಈ ಕಥೆಯಿಂದ ನಾನು ಕಲಿತದ್ದು ಎರಡು. ಒಂದು, ಹುಡುಗರು ರಾಕ್ಷಸರಲ್ಲ. ಹೇಳುವವರು ಬೇಕು. ಎರಡು, ತಪ್ಪು ಬರೀ ಹುಡುಗರದಲ್ಲ.

ಕಾಯದೆಯಲ್ಲಿ ನಮ್ಮ ಹೆಸರೂ ಉಂಟು

ಕಲಂ 190(2)ನ್ನು ಮತ್ತೊಮ್ಮೆ ಓದಿ ನೋಡಿದೆ. ಗಾಡಿ ಓಡಿಸಿದವನ ಮೇಲೆ ಮಾತ್ರ ಅಲ್ಲ, ಓಡಿಸಲು ಹಚ್ಚಿದವನ ಮೇಲೆ, ಓಡಿಸಲು ಬಿಟ್ಟವನ ಮೇಲೆ ಕೂಡ ಅದು ಬರುತ್ತದೆ. ಬಿಟ್ಟವರು ಯಾರು? ಗಾಡಿ ಯಾರ ಹೆಸರಿನಲ್ಲಿದೆ? ಕೆಎ-49 ನಂಬರಿನ ಎಷ್ಟು ಗಾಡಿಗಳ ಆರ್.ಸಿ. ಪುಸ್ತಕದಲ್ಲಿ ಹುಡುಗನ ಹೆಸರಿದೆ, ಎಷ್ಟರಲ್ಲಿ ಅಪ್ಪನ ಹೆಸರಿದೆ? ನಿಮ್ಮ ನಿಮ್ಮ ಟ್ರಂಕು ತೆಗೆದು ನೋಡಿಕೊಳ್ಳಿರಿ. ಹುಡುಗನಿಗೆ 18 ತುಂಬಿಲ್ಲದಿದ್ದರಂತೂ ಕಲಂ 199ಎ ಇದೆ. ಪಾಲಕ ಅಥವಾ ಮಾಲಕನಿಗೆ ಮೂರು ವರ್ಷದ ವರೆಗೆ ಜೈಲು ಮತ್ತು 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು, ಹುಡುಗನಿಗೆ 25 ವರ್ಷದ ತನಕ ಲೈಸನ್ಸ್ ಇಲ್ಲ.

ಆಮೇಲೆ ಮಾರುವವರು, ಕೂಡಿಸುವವರು. ಇವರು ಬೇರೆ ಊರಿನವರಲ್ಲ, ನಮ್ಮ ಬಜಾರಿನವರೇ, ನಮ್ಮ ಪಕ್ಕದ ಅಂಗಡಿಯವರೇ. ಇಂಥ ಕೆಲವು ಡಬ್ಬಿಗಳ ಮೇಲೆ ಸಣ್ಣ ಅಕ್ಷರದಲ್ಲಿ "ರೇಸಿಗೆ ಮಾತ್ರ, ರಸ್ತೆಗಲ್ಲ" ಎಂದು ಇಂಗ್ಲೀಷಿನಲ್ಲಿ ಬರೆದಿರುತ್ತದೆ. ಹುಕ್ಕೇರಿಯಲ್ಲಿ ಯಾವ ರೇಸು ನಡೆಯುತ್ತದೆ ಸ್ವಾಮಿ? ಮೂಡಲಗಿಯಲ್ಲಿ ಯಾವ ಟ್ರ್ಯಾಕು ಇದೆ? ನಮ್ಮ ಕಡೆ ಇರುವುದು ಎತ್ತಿನ ಗಾಡಿಯ ಶರತ್ತು, ಅದಕ್ಕೆ ಸೈಲೆನ್ಸರ್ ಬೇಕಾಗಿಲ್ಲ. ರಸ್ತೆಗಲ್ಲ ಎಂದು ಬರೆದ ಮಾಲನ್ನು ರಸ್ತೆಗೇ ಎಂದು ಗೊತ್ತಿದ್ದೂ ಮಾರುವುದು, ಕೊಳೆತ ಶೇಂಗಾವನ್ನು ಬೀಜಕ್ಕೆಂದು ಮಾರಿದ ಹಾಗೆ. ಕಾಯದೆಯ ಕೈ ನಮ್ಮ ಗಲ್ಲೆಯ ತನಕ ಬರಲಿ ಬಾರದಿರಲಿ, ವ್ಯಾಪಾರಕ್ಕೆ ಒಂದು ಧರ್ಮ ಇದೆಯಲ್ಲ?

ಅವರಿಗೂ ಅವರದೇ ಕಷ್ಟ ಇದೆ. "ನಾ ಹಾಕೂದಿಲ್ಲ ಅಂದ್ರ ಬಾಜೂದವ ಹಾಕ್ತಾನ್ರಿ, ಗಿರಾಕಿ ಹೋಗ್ತೈತಿ" ಎಂದು ಒಬ್ಬ ಮೇಸ್ತ್ರಿ ನನಗೆ ಹೇಳಿದ. ಸುಳ್ಳಲ್ಲ. ಅದಕ್ಕೇ ಇದು ಒಬ್ಬರಿಂದ ಆಗುವ ಕೆಲಸ ಅಲ್ಲ. ಊರಿನ ಗ್ಯಾರೇಜಿನವರು, ಬಿಡಿಭಾಗದ ಅಂಗಡಿಯವರು ಒಂದು ದಿನ ಕೂಡಿ ಕೂತು, "ಇಲ್ಲಿ ಜೋರು ಸಪ್ಪಳದ ಸೈಲೆನ್ಸರ್ ಮಾರುವುದಿಲ್ಲ, ಕೂಡಿಸುವುದಿಲ್ಲ" ಎಂದು ಎಲ್ಲರೂ ಬೋರ್ಡು ಹಾಕಿದರೆ ಯಾರ ಗಿರಾಕಿಯೂ ಹೋಗುವುದಿಲ್ಲ. ಹಳೆಯ ಕಂಪನಿ ಸೈಲೆನ್ಸರ್ ತಂದವರಿಗೆ ಒಂದು ತಿಂಗಳು ಪುಕ್ಕಟೆ ಕೂಡಿಸಿಕೊಟ್ಟರೆ ಊರೇ ಹರಸುತ್ತದೆ.

"ನಮ್ಮನ್ನಷ್ಟ ಯಾಕ ಹಿಡೀತೀರಿ?"

ಹುಡುಗರದೂ ಒಂದು ಪ್ರಶ್ನೆ ಇದೆ, ಅದು ನ್ಯಾಯದ ಪ್ರಶ್ನೆ. "ಕಬ್ಬಿನ ಟ್ರ್ಯಾಕ್ಟರಿನ್ಯಾಗ ಡೆಕ್ ಹಚ್ಚಿ ನಡುರಾತ್ರಿ ಹಾಡ ಒದರಸ್ಕೊಂತ ಹೋಗ್ತಾರ, ಅವರನ್ನ ಯಾರೂ ಕೇಳೂದಿಲ್ಲ. ಲಾರಿಯವರು ರಾಗದ ಹಾರ್ನ್ ಹೊಡೀತಾರ. ಮೆರವಣಿಗ್ಯಾಗ ಡಿಜೆ ಹಚ್ಚಿ ಮನಿ ಕಿಡಕಿ ನಡಗಸ್ತಾರ. ನಮ್ಮನ್ನಷ್ಟ ಯಾಕ?"

ಹೌದು ತಮ್ಮಾ, ನಿನ್ನ ಮಾತು ಖರೆ. ಲಾರಿಯ ರಾಗದ ಹಾರ್ನಿಗೆ 119ನೇ ನಿಯಮದಲ್ಲಿ ಅವಕಾಶವಿಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ಬಂದಿ ಇದೆ. ಅವೂ ಜಾರಿಯಾಗಬೇಕು, ಡಿಜೆ ಯಾರ ಮೆರವಣಿಗೆಯದೇ ಇರಲಿ, ಯಾವ ಜಾತ್ರೆಯದೇ ಇರಲಿ. ಈ ಅಂಕಣದಲ್ಲಿ ಆ ಮಾತನ್ನೂ ಬರೆಯುತ್ತೇನೆ, ಬಿಡುವವನಲ್ಲ. ಆದರೆ ಮೆರವಣಿಗೆ ವರ್ಷದಲ್ಲಿ ನಾಲ್ಕು ದಿನ, ಕಬ್ಬಿನ ಹಂಗಾಮು ನಾಲ್ಕೈದು ತಿಂಗಳು. ನಿನ್ನ ಗಾಡಿ ಮುನ್ನೂರ ಅರವತ್ತೈದು ದಿನ. ಬ್ಯಾರೇದವನ ತಪ್ಪು ನಿನಗೆ ಲೈಸನ್ಸ್ ಆಗುವುದಿಲ್ಲ.

ಮತ್ತೊಂದು ಮಾತು, ನಿನಗೂ ನನಗೂ ನಡುವೆ ಇರಲಿ. ನೀನು ಸಪ್ಪಳ ಮಾಡುವುದು ನಾಲ್ಕು ಜನ ತಿರುಗಿ ನೋಡಲಿ ಎಂದು. ನೋಡುತ್ತಾರೆ, ಸುಳ್ಳಲ್ಲ. ಆದರೆ ಬಜಾರದಲ್ಲಿ ಕೂತು ಆ ನೋಡುವವರ ಮುಖ ನಾನು ನೋಡಿದ್ದೇನೆ. ನೀನು ಮುಂದೆ ಹೋಗಿರುತ್ತೀ, ಅವರ ಬಾಯಿಂದ ಬರುವ ಮಾತು ನಿನಗೆ ಕೇಳಿಸುವುದಿಲ್ಲ. ಕೇಳಿಸಿದ್ದರೆ ಆ ದಿನವೇ ಕೊಳವೆ ಬಿಚ್ಚುತ್ತಿದ್ದೆ.

ಈಗ ಏನು ಮಾಡೋಣ?

ಪೋಲೀಸ ಖಾತೆಯವರಲ್ಲಿ ವಿನಂತಿ: ಬಸ್ ಸ್ಟ್ಯಾಂಡು, ಕಾಲೇಜಿನ ಗೇಟು, ಆಸ್ಪತ್ರೆಯ ರಸ್ತೆ, ಈ ಮೂರು ಕಡೆ ತಿಂಗಳಿಗೆ ನಾಲ್ಕು ದಿನ ನಿಂತರೆ ಸಾಕು. ದಂಡದ ರಸೀದಿಗಿಂತ ಸೈಲೆನ್ಸರ್ ಬಿಚ್ಚಿಸುವುದು ಮುಖ್ಯ. ಆರ್.ಟಿ.ಓ. ಕಚೇರಿಯವರೂ ಜೊತೆಗಿದ್ದರೆ ಕೆಲಸ ಹಗುರ.

ನಾಗರಿಕರಲ್ಲಿ ವಿನಂತಿ: ನಡುರಾತ್ರಿ ಸಪ್ಪಳ ಎದ್ದರೆ 112ಕ್ಕೆ ಫೋನು ಮಾಡಿರಿ. ಅದಕ್ಕೂ ಮೊದಲು, ಹುಡುಗ ಗುರುತಿನವನಿದ್ದರೆ ಅವನಿಗೇ ಹೇಳಿರಿ, ಬೈಯದೆ ಹೇಳಿರಿ. ಉದ್ರಿ ಇದೆ, ಸಂಬಂಧ ಇದೆ, ಪಕ್ಷ ಇದೆ ಎಂದು ಬಾಯಿ ಮುಚ್ಚಿಕೊಂಡು ಕೂಡಬೇಡಿರಿ. ನನ್ನ ಎದುರು ಮನೆಯಾತ ಒಂದು ತಿಂಗಳು ಬಾಯಿ ಮುಚ್ಚಿಕೊಂಡದ್ದಕ್ಕೆ ಅವನ ಮೊಮ್ಮಗು ಒಂದು ತಿಂಗಳು ಅತ್ತಿತು. ಅದರ ಪಾಪ ಅವನದಲ್ಲ, ನನ್ನದು. ಅಂಗಡಿಕಾರರಾದ ನಾವೇ ಮುಂದಾಗಿ, "ನಮ್ಮ ಹುಡುಗನಿಂದ ತ್ರಾಸ ಇದ್ರ ಹೇಳ್ರಿ" ಎಂದು ಅಕ್ಕಪಕ್ಕದವರನ್ನು ಕೇಳಿಕೊಳ್ಳಬೇಕು.

"ಸಂಬಂಧಪಟ್ಟ ಅಧಿಕಾರಿಗಳು ಇತ್ತ ಗಮನ ಹರಿಸುವರೇ?" ಎಂದು ಬರೆದು ಮುಗಿಸುವುದು ನಮ್ಮ ಪತ್ರಿಕೆಗಳ ರೂಢಿ. ಹರಿಸಲಿ, ಹರಿಸಲೇಬೇಕು. ಆದರೆ ಈ ಸಲ ಸಂಬಂಧಪಟ್ಟವರ ಯಾದಿಯಲ್ಲಿ ಮೊದಲ ಹೆಸರು ನಮ್ಮದೇ. ಕಂಪನಿಯವರು ಗಾಡಿಯ ಜೊತೆಗೆ ಕೊಟ್ಟ ಒಳ್ಳೆಯ ಸೈಲೆನ್ಸರ್ ಎಷ್ಟು ಮನೆಗಳ ಅಟ್ಟದ ಮೇಲೆ ಧೂಳು ತಿನ್ನುತ್ತಿದೆಯೋ! ಗೋಕಾಕದವರು, ಹುಕ್ಕೇರಿಯವರು, ಮೂಡಲಗಿಯವರು ಈ ಐತವಾರ ಅಂಗಡಿ ತೆಗೆಯುವ ಮೊದಲು ಒಂದು ಸಲ ಏಣಿ ಹಚ್ಚಿ ನೋಡಿರಿ. ಗೋಣಿಚೀಲ ಸಿಕ್ಕರೆ ಕೆಳಗೆ ಇಳಿಸ್ರಿ. ಮುಕ್ಕಾಲು ತಾಸಿನ ಕೆಲಸ.